ಶಿಕಾಗೋದ ಐದು ವರ್ತುಲಗಳು

ಶಿಕಾಗೋ ಎಂದೊಡನೆ ನಮ್ಮವರಿಗೆಲ್ಲ ಮೊದಲು ನೆನಪಾಗುವುದು 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾಡಿದ ಭಾಷಣ. ಕನ್ನಡಿಗರಾದ ನಮಗೆ ಅದರ ಹಿಂದೆಯೇ ನೆನಪಾಗುವವರು ಎ.ಕೆ. ರಾಮಾನುಜನ್. 1962ರಿಂದ ಹಿಡಿದು 1993ರಲ್ಲಿ ತೀರಿಕೊಳ್ಳುವವರೆಗೂ ಅವರು ಇಲ್ಲಿನ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಅದೇ ವಿಶ್ವವಿದ್ಯಾನಿಲಯದಲ್ಲಿ, ರಾಮಾನುಜನ್ ಬರುವುದಕ್ಕೆ ಸುಮಾರು 40 ವರ್ಷ ಮೊದಲು ಇನ್ನೊಂದು ಕೆಲಸ ನಡೆದಿತ್ತು. ಒಂದು ನಗರ ಹೇಗೆ ಬೆಳೆಯುತ್ತದೆ, ಅದರಲ್ಲಿ ಯಾರು ಎಲ್ಲಿ ನೆಲೆಸುತ್ತಾರೆ, ಏಕೆ ನೆಲೆಸುತ್ತಾರೆ ಎಂಬುದನ್ನು ಶಾಸ್ತ್ರವಾಗಿ ಅಭ್ಯಾಸ ಮಾಡುವ ಪದ್ಧತಿಗೆ ಅಲ್ಲಿ ಒಂದು ದೊಡ್ಡ ತಳಹದಿ ಬಿತ್ತು. ಹೈಸ್ಕೂಲಿನಲ್ಲಿ ಭೂಗೋಳ ಓದುವ ನಮ್ಮ ಮಕ್ಕಳ ಪುಸ್ತಕದಲ್ಲಿ ಒಂದರೊಳಗೊಂದು ಐದು ವರ್ತುಲಗಳ ಚಿತ್ರವೊಂದಿರುತ್ತದೆ. ಅದು ನಾವಿರುವ ಈ ಊರಿನ ಚಿತ್ರ. ಅದನ್ನು ಯಾರು ಬರೆದರು, ಅದರಲ್ಲಿ ಏನು ಬಿಟ್ಟುಹೋಯಿತು, ಆ ಚಿತ್ರದಲ್ಲಿ ನಮ್ಮ ಮನೆ ಎಲ್ಲಿ ಬರುತ್ತದೆ ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ನೀರಿನ ದಾರಿ, ಕಂಬಿಯ ದಾರಿ

ಯಾವ ಊರಾದರೂ ಮೊದಲು ಕೇಳಬೇಕಾದ ಪ್ರಶ್ನೆ: ಇಲ್ಲಿಯೇ ಏಕೆ? ಶಿಕಾಗೋದ ನೆಲ ಜೌಗು, ಚಳಿಗಾಲ ನಮಗೆಲ್ಲ ಗೊತ್ತಿರುವಂಥದ್ದು. ಆದರೂ ಊರು ಬೆಳೆದದ್ದು ಅದು ಕುಳಿತ ಜಾಗದಿಂದ. ಮಿಶಿಗನ್ ಸರೋವರಕ್ಕೆ ಸೇರುತ್ತಿದ್ದ ಶಿಕಾಗೋ ನದಿಗೂ, ಕೊನೆಗೆ ಮಿಸ್ಸಿಸಿಪ್ಪಿಗೆ ನೀರು ಸೇರಿಸುವ ಡೆಸ್ ಪ್ಲೇನ್ಸ್ ನದಿಗೂ ನಡುವೆ ಇದ್ದದ್ದು ಕೆಲವೇ ಮೈಲಿಗಳ ತಗ್ಗು ನೆಲ. ಪೊಟವಾಟಮಿ ಮೊದಲಾದ ಮೂಲನಿವಾಸಿಗಳು ಅಲ್ಲಿ ದೋಣಿಯನ್ನು ಹೊತ್ತು ದಾಟಿಸುತ್ತಿದ್ದರು. ಅವರ ನಂತರ ಇಲ್ಲಿ ಖಾಯಂ ಆಗಿ ನೆಲೆಸಿದ ಮೊದಲಿಗ ಎಂದು ಹೆಸರಾದವನು ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ದು ಸಾಬ್ಲ್. ಅವನು ಆಫ್ರಿಕನ್ ಮೂಲದ ವ್ಯಾಪಾರಿ. 2021ರಲ್ಲಿ ಲೇಕ್ ಶೋರ್ ಡ್ರೈವ್ ರಸ್ತೆಗೆ ಅವನ ಹೆಸರನ್ನು ಸೇರಿಸಲಾಯಿತು. ಊರಿನ ಮೊದಲ ಮನೆಗಳಲ್ಲೊಂದು ಕಪ್ಪು ಮನುಷ್ಯನದು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬೇಕಾಗುತ್ತದೆ.

1833ರ ಒಪ್ಪಂದದಲ್ಲಿ ಪೊಟವಾಟಮಿ ಜನ ತಮ್ಮ ನೆಲ ಬಿಟ್ಟುಕೊಡಬೇಕಾಯಿತು. 1837ರಲ್ಲಿ ಶಿಕಾಗೋ ನಗರವೆನಿಸಿತು. 1848 ಎಂಬುದು ಈ ಊರಿನ ಪಾಲಿಗೆ ದೊಡ್ಡ ವರ್ಷ. ಎರಡು ನೀರುಗಳನ್ನು ಜೋಡಿಸುವ ಇಲಿನಾಯ್-ಮಿಶಿಗನ್ ಕಾಲುವೆ ಮುಗಿದದ್ದು, ಮೊದಲ ರೈಲು ಓಡಿದ್ದು, ಧಾನ್ಯದ ವ್ಯಾಪಾರಕ್ಕಾಗಿ ಬೋರ್ಡ್ ಆಫ್ ಟ್ರೇಡ್ ಹುಟ್ಟಿದ್ದು, ಮೂರೂ ಆ ಒಂದೇ ವರ್ಷದಲ್ಲಿ. 1840ರಲ್ಲಿ 4,470 ಜನರಿದ್ದ ಊರಿನಲ್ಲಿ 1890ರ ವೇಳೆಗೆ 10,99,850 ಜನರಿದ್ದರು. ಐವತ್ತು ವರ್ಷಗಳಲ್ಲಿ ಒಂದು ಹಳ್ಳಿ ಮಹಾನಗರವಾದದ್ದು ಹೀಗೆ.

ನೆಲವನ್ನು ಹಂಚಿದ ರೀತಿಯೂ ಗಮನಿಸತಕ್ಕದ್ದು. 1785ರ ಕಾನೂನಿನಂತೆ ಈ ಪ್ರದೇಶವನ್ನೆಲ್ಲ ಆರು ಮೈಲಿಯ ಚೌಕಗಳಾಗಿ, ಅವನ್ನು ಮತ್ತೆ ಒಂದು ಮೈಲಿಯ ಚೌಕಗಳಾಗಿ ಅಳೆದರು. ನಗರದ ಮುಖ್ಯ ರಸ್ತೆಗಳು ಇಂದಿಗೂ ಆ ಗೆರೆಗಳ ಮೇಲೆಯೇ ಓಡುತ್ತವೆ. ಮನೆ ನಂಬರುಗಳನ್ನು ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಮೂಲೆಯಿಂದ ಎಣಿಸುತ್ತಾರೆ. ಸಾಮಾನ್ಯವಾಗಿ 800 ನಂಬರಿಗೆ ಒಂದು ಮೈಲಿ. ನಮ್ಮ ಡೆವಾನ್ ಅವೆನ್ಯೂ 6400 ನಾರ್ತ್. ಅಂದರೆ ಮ್ಯಾಡಿಸನ್ ರಸ್ತೆಯಿಂದ ಸರಿಯಾಗಿ ಎಂಟು ಮೈಲಿ ಉತ್ತರಕ್ಕೆ. ಮಕ್ಕಳಿಗೆ ಕಾರಿನಲ್ಲಿ ಹೇಳಿಕೊಡಲು ಒಳ್ಳೆಯ ಲೆಕ್ಕ ಇದು.

ನಡುವೆ ಬೆಲೆ, ಬೆಲೆಯಿಂದ ಎತ್ತರ

1871ರ ಅಕ್ಟೋಬರ್‌ನಲ್ಲಿ ಹತ್ತಿದ ಬೆಂಕಿಯಲ್ಲಿ ಸುಮಾರು 300 ಜನ ಸತ್ತರು, ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಸುಟ್ಟ ನೆಲದ ಮೇಲೆ ಮತ್ತೆ ಕಟ್ಟುವಾಗ ಊರಿನ ನಡುಭಾಗದ ಸ್ವರೂಪವೇ ಬದಲಾಯಿತು. ಎಲ್ಲ ಟ್ರಾಮುಗಳೂ ರೈಲುಗಳೂ ಬಂದು ಕೂಡುವ ಜಾಗದಲ್ಲಿ ಅಂಗಡಿಗೆ ಗಿರಾಕಿ ಹೆಚ್ಚು. ಗಿರಾಕಿ ಹೆಚ್ಚಾದರೆ ಅಂಗಡಿಯವನು ಹೆಚ್ಚು ಬಾಡಿಗೆ ಕೊಡಬಲ್ಲ. ಸಂಸಾರಸ್ಥನು ಅಷ್ಟು ಕೊಡಲಾರ; ಅವನು ದೂರ ಹೋಗುತ್ತಾನೆ. ನಡುವೆ ನೆಲ ತುಟ್ಟಿ, ಹೊರಗೆ ಹೋದಷ್ಟೂ ಅಗ್ಗ. ನಗರ ಭೂಗೋಳದ ಅತಿ ಮುಖ್ಯ ಸೂತ್ರ ಇಷ್ಟೇ.

ನೆಲ ತುಟ್ಟಿಯಾದಾಗ ಅದೇ ನೆಲದ ಮೇಲೆ ಅಂತಸ್ತುಗಳನ್ನು ಏರಿಸುವುದು ಲಾಭ. ಅದಕ್ಕೆ ಉಕ್ಕಿನ ಚೌಕಟ್ಟು ಬೇಕು, ಲಿಫ್ಟ್ ಬೇಕು. 1885ರಲ್ಲಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಇಂಜಿನಿಯರು ಕಟ್ಟಿದ ಹತ್ತು ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಅನೇಕರು ಜಗತ್ತಿನ ಮೊದಲ ಗಗನಚುಂಬಿ ಎನ್ನುತ್ತಾರೆ. ಇಂದಿನ ಲೆಕ್ಕದಲ್ಲಿ ಅದು ಕುಳ್ಳು. 1931ರಲ್ಲಿ ಅದನ್ನು ಕೆಡವಿದರು. 1897ರಲ್ಲಿ ಎತ್ತರದ ರೈಲು ಕಂಬಿ ಈ ನಡುಭಾಗವನ್ನು ಸುತ್ತು ಹಾಕಿತು. ಲೂಪ್ ಎಂಬ ಹೆಸರು ಗಟ್ಟಿಯಾಯಿತು.

ಐದು ವರ್ತುಲಗಳು

ಇಷ್ಟು ಬೇಗ ಬೆಳೆದ ಊರು, ಪೋಲೆಂಡ್, ಇಟಲಿ, ಬೊಹೆಮಿಯಾ, ಐರ್ಲೆಂಡ್ ಮುಂತಾದ ಕಡೆಗಳಿಂದ ಬಂದ ಜನ, ಕಸಾಯಿಖಾನೆಗಳ ನಾತ, ಮರದ ಮುರುಕು ಮನೆಗಳು, ಹೊರವಲಯದಲ್ಲಿ ಹುಲ್ಲುಹಾಸಿನ ಬಂಗಲೆಗಳು. ಇದನ್ನೆಲ್ಲ ಕಣ್ಣೆದುರಿಗೇ ನೋಡುತ್ತಿದ್ದ ಸಮಾಜಶಾಸ್ತ್ರದ ಮೇಷ್ಟರುಗಳು ರಾಬರ್ಟ್ ಪಾರ್ಕ್ ಮತ್ತು ಅರ್ನೆಸ್ಟ್ ಬರ್ಜೆಸ್. ಅವರು ವಿದ್ಯಾರ್ಥಿಗಳನ್ನು ಬೀದಿಗೆ ಕಳುಹಿಸಿದರು. ಗಲ್ಲಿ ಗಲ್ಲಿಯ ವಿವರಗಳನ್ನು ನಕ್ಷೆಗೆ ಇಳಿಸಿದರು. 1925ರಲ್ಲಿ ಮೆಕೆಂಜಿ ಎಂಬವರನ್ನೂ ಸೇರಿಸಿಕೊಂಡು 'ದಿ ಸಿಟಿ' ಎಂಬ ಪುಸ್ತಕ ಪ್ರಕಟಿಸಿದರು. ಐದು ವರ್ತುಲಗಳ ಬರ್ಜೆಸ್ ಚಿತ್ರ ಅದರಲ್ಲಿದೆ.

ಮೊದಲ ವರ್ತುಲ ಲೂಪ್, ಅಂದರೆ ವ್ಯಾಪಾರ ಮತ್ತು ಕಛೇರಿಗಳ ನಡುಭಾಗ. ಎರಡನೆಯದು ಸ್ಥಿತ್ಯಂತರ ವಲಯ: ಹಳೆಯ ಮನೆಗಳು, ಸಣ್ಣ ಕಾರ್ಖಾನೆಗಳು, ಹೊಸದಾಗಿ ಹಡಗಿನಿಂದ ಇಳಿದು ಬಂದವರ ಬಾಡಿಗೆ ಕೋಣೆಗಳು. ಮೂರನೆಯದು ಕೆಲಸಗಾರರ ಮನೆಗಳು. ನಾಲ್ಕನೆಯದು ಮಧ್ಯಮ ವರ್ಗದ ಒಳ್ಳೆಯ ಮನೆಗಳು. ಐದನೆಯದು ದಿನಾಲೂ ರೈಲು ಹತ್ತಿ ಕೆಲಸಕ್ಕೆ ಬರುವವರ ಉಪನಗರಗಳು. ಊರಿನ ಪೂರ್ವಕ್ಕೆ ಸರೋವರವಿರುವುದರಿಂದ ನೆಲದ ಮೇಲೆ ಇವು ಅರ್ಧ ವರ್ತುಲಗಳೇ ಸರಿ.

ಚಿತ್ರದ ಹಿಂದಿನ ಮಾತು ಇದು: ಊರು ನಡುವಿನಿಂದ ಹೊರಕ್ಕೆ ಒತ್ತುತ್ತದೆ. ಹೊಸಬರು ಎರಡನೆಯ ವರ್ತುಲಕ್ಕೆ ಬಂದಿಳಿಯುತ್ತಾರೆ, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಮೂರಕ್ಕೆ ಹೋಗುತ್ತಾರೆ, ಅವರ ಮಕ್ಕಳು ನಾಲ್ಕಕ್ಕೆ. ಒಂದು ಕಾಡಿನಲ್ಲಿ ಒಂದು ಜಾತಿಯ ಗಿಡ ಹೋಗಿ ಇನ್ನೊಂದು ಬರುವಂತೆ ಬೀದಿಗಳಲ್ಲಿ ಜನ ಬದಲಾಗುತ್ತಾರೆ ಎಂದು ಸಸ್ಯಶಾಸ್ತ್ರದ ಮಾತುಗಳನ್ನೇ ಅವರು ಬಳಸಿದರು. ಐರಿಷರು, ಜರ್ಮನರು, ಪೋಲಿಷರು, ಯಹೂದ್ಯರು ಹಲವರ ವಿಷಯದಲ್ಲಿ ಇದು ಬಹುಮಟ್ಟಿಗೆ ಸರಿಯೂ ಆಗಿತ್ತು.

ಮುಂದೆ ಈ ಚಿತ್ರವನ್ನು ತಿದ್ದಿದವರು ಬಂದರು. ಹೋಮರ್ ಹಾಯ್ಟ್ 1939ರಲ್ಲಿ, ನಗರ ವರ್ತುಲಗಳಾಗಿ ಅಲ್ಲ, ಕುಯ್ದ ಹೋಳುಗಳಂತೆ ಬೆಳೆಯುತ್ತದೆ ಎಂದರು. ಶ್ರೀಮಂತರು ಸರೋವರದ ದಂಡೆ ಹಿಡಿದು ಉತ್ತರಕ್ಕೆ ಇವಾನ್‌ಸ್ಟನ್, ವಿನೆಟ್ಕಾಗಳ ಕಡೆಗೆ ಸಾಗಿದರು. ಕಾರ್ಖಾನೆಗಳು ನದಿ ಮತ್ತು ರೈಲು ಹಿಡಿದು ದಕ್ಷಿಣದ ಕಾಲುಮೆಟ್ ಕಡೆಗೆ. 1945ರಲ್ಲಿ ಚಾನ್ಸಿ ಹ್ಯಾರಿಸ್ ಮತ್ತು ಎಡ್ವರ್ಡ್ ಉಲ್ಮನ್ ಎಂಬ ಭೂಗೋಳ ಶಾಸ್ತ್ರಜ್ಞರು, ದೊಡ್ಡ ನಗರಕ್ಕೆ ಒಂದೇ ಕೇಂದ್ರವಿರಬೇಕಾಗಿಲ್ಲ, ಹಲವು ಕೇಂದ್ರಗಳಿರಬಹುದು ಎಂದರು. ನಮ್ಮ ಬೆಂಗಳೂರಿನ ಉದಾಹರಣೆ ತೆಗೆದುಕೊಂಡರೆ ಈ ಮಾತು ಬೇಗ ತಿಳಿಯುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಒಂದು ಕೇಂದ್ರ. 1809ರಲ್ಲಿ ಬ್ರಿಟಿಷ್ ಪಡೆ ಬಂದಿಳಿದ ದಂಡು ಇನ್ನೊಂದು. 1949ರವರೆಗೆ ಎರಡಕ್ಕೂ ಬೇರೆ ಬೇರೆ ಪುರಸಭೆಗಳೇ ಇದ್ದವು. ಬರ್ಜೆಸ್ ವರ್ತುಲ ಅಲ್ಲಿ ಹೊಂದುವುದಿಲ್ಲ.

ಚಿತ್ರ ತೋರಿಸದ ಗೋಡೆ

ಬರ್ಜೆಸ್ ಚಿತ್ರವನ್ನು ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ಒಂದು ವಿಚಿತ್ರವಿದೆ. ಎಲ್ಲವೂ ಗುಂಡಗೆ ಸುತ್ತುತ್ತಿರುವಾಗ ದಕ್ಷಿಣಕ್ಕೆ ಒಂದೇ ಒಂದು ಪಟ್ಟಿ ವರ್ತುಲಗಳನ್ನು ಅಡ್ಡಕ್ಕೆ ಸೀಳಿಕೊಂಡು ಹೋಗುತ್ತದೆ. ಅದರ ಮೇಲೆ 'ಬ್ಲ್ಯಾಕ್ ಬೆಲ್ಟ್' ಎಂದು ಬರೆದಿದೆ. ಬೇರೆಯವರೆಲ್ಲ ಹೊರಕ್ಕೆ ಹರಡಿಕೊಂಡರೆ ಕಪ್ಪು ಜನ ಮಾತ್ರ ಒಂದು ಕಿರಿದಾದ ಪಟ್ಟಿಯಲ್ಲಿ ಏಕೆ ಉಳಿದರು? ಗಿಡಮರಗಳ ಹೋಲಿಕೆ ಇದಕ್ಕೆ ಉತ್ತರ ಕೊಡುವುದಿಲ್ಲ.

ಉತ್ತರ ದಾಖಲೆಗಳಲ್ಲಿದೆ. ದಕ್ಷಿಣದ ರಾಜ್ಯಗಳ ಕ್ರೌರ್ಯದಿಂದ ತಪ್ಪಿಸಿಕೊಂಡು, ಇಲ್ಲಿಯ ಕಾರ್ಖಾನೆಗಳಲ್ಲಿ ಕೆಲಸ ಹುಡುಕಿಕೊಂಡು ಆಫ್ರಿಕನ್-ಅಮೆರಿಕನ್ನರು ಬಂದರು. 1910ರಲ್ಲಿ 44,103 ಇದ್ದ ಅವರ ಸಂಖ್ಯೆ 1930ಕ್ಕೆ 2,33,903 ಆಯಿತು. 1919ರ ಜುಲೈನಲ್ಲಿ ಸರೋವರದಲ್ಲಿ ಈಜುತ್ತಿದ್ದ ಯೂಜೀನ್ ವಿಲಿಯಮ್ಸ್ ಎಂಬ ಹುಡುಗ, ಬಿಳಿಯರ ದಂಡೆಯ ಕಡೆ ತೇಲಿ ಹೋದನೆಂದು ಕಲ್ಲೆಸೆತಕ್ಕೆ ಸಿಕ್ಕಿ ಮುಳುಗಿ ಸತ್ತ. ನಂತರದ ಗಲಭೆಯಲ್ಲಿ 38 ಜನ ಸತ್ತರು. ಆಮೇಲೆ ಕಲ್ಲಿನ ಜೊತೆಗೆ ಕಾಗದವೂ ಬಂತು. ಮನೆ ಮಾಲೀಕರು ಒಟ್ಟಾಗಿ ಕರಾರು ಪತ್ರಗಳಿಗೆ ಸಹಿ ಹಾಕಿದರು: ಈ ಬೀದಿಯ ಮನೆಯನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು. 1927ರಲ್ಲಿ ಶಿಕಾಗೋದ ರಿಯಲ್ ಎಸ್ಟೇಟ್ ಮಂಡಳಿ ಇದಕ್ಕೆ ಒಂದು ಮಾದರಿ ನಮೂನೆಯನ್ನೇ ಸಿದ್ಧಮಾಡಿ ಹಂಚಿತು. ಮನೆಗೆಲಸದವರಿಗೂ ಕಾರು ಓಡಿಸುವವರಿಗೂ ಮಾತ್ರ ಅದರಲ್ಲಿ ವಿನಾಯಿತಿ ಇತ್ತು. ವರ್ತುಲಗಳ ಚಿತ್ರ ಹುಟ್ಟಿದ ಆ ವಿಶ್ವವಿದ್ಯಾನಿಲಯವೇ ತನ್ನ ಸುತ್ತಲಿನ ಬೀದಿಗಳಲ್ಲಿ ಈ ಕರಾರುಗಳಿಗೆ ಬೆಂಬಲ ಕೊಟ್ಟಿತು, ಹಣವನ್ನೂ ಕೊಟ್ಟಿತು.

ಕಾರ್ಲ್ ಹ್ಯಾನ್ಸ್‌ಬೆರಿ ಎಂಬ ಕಪ್ಪು ವ್ಯಾಪಾರಿ 1937ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮೀಪದ ಬೀದಿಯೊಂದರಲ್ಲಿ ಮನೆ ಕೊಂಡರು. ನೆರೆಯವರು ಕೋರ್ಟಿಗೆ ಹೋದರು. 1940ರಲ್ಲಿ ಸುಪ್ರೀಂ ಕೋರ್ಟು ಹ್ಯಾನ್ಸ್‌ಬೆರಿಯವರ ಪರವಾಗಿ ತೀರ್ಪು ಕೊಟ್ಟರೂ ಅದು ಕಾರ್ಯವಿಧಾನದ ಅಂಶವೊಂದರ ಮೇಲೆ ಕೊಟ್ಟದ್ದು, ಕರಾರುಗಳು ಉಳಿದವು. ಅವರ ಮಗಳು ಲೊರೇನ್ ಹ್ಯಾನ್ಸ್‌ಬೆರಿ 1959ರಲ್ಲಿ ಬ್ರಾಡ್‌ವೇಗೆ ಬಂದ 'ಎ ರೈಸಿನ್ ಇನ್ ದಿ ಸನ್' ನಾಟಕ ಬರೆದರು. ನಮ್ಮ ಮಕ್ಕಳಲ್ಲಿ ಹಲವರು ಶಾಲೆಯಲ್ಲಿ ಅದನ್ನು ಓದಿರುತ್ತಾರೆ. ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡಕೂಡದೆಂಬ ತೀರ್ಪು ಬಂದದ್ದು 1948ರಲ್ಲಿ.

ಇನ್ನು ಹೋಮರ್ ಹಾಯ್ಟ್ ವಿಷಯ. 1933ರಲ್ಲಿ ಶಿಕಾಗೋದ ನೂರು ವರ್ಷಗಳ ನೆಲದ ಬೆಲೆಯ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಒಂದು ಪಟ್ಟಿಯಿದೆ. ಯಾವ ಜನಾಂಗದವರು ಬಂದು ನೆಲೆಸಿದರೆ ನೆಲದ ಬೆಲೆಯ ಮೇಲೆ ಏನು ಪರಿಣಾಮ ಎಂದು ಹತ್ತು ಮೆಟ್ಟಿಲುಗಳಲ್ಲಿ ಜೋಡಿಸಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಇಂಗ್ಲಿಷರು, ಜರ್ಮನರು, ಸ್ಕಾಟರು, ಐರಿಷರು, ಸ್ಕ್ಯಾಂಡಿನೇವಿಯದವರು. ಕಟ್ಟಕಡೆಯ ಎರಡು ಮೆಟ್ಟಿಲುಗಳಲ್ಲಿ ಕಪ್ಪು ಜನ ಮತ್ತು ಮೆಕ್ಸಿಕನ್ನರು. ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1934ರಲ್ಲಿ ಮನೆ ಸಾಲಕ್ಕೆ ವಿಮೆ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಹುಟ್ಟಿತು. ಹಾಯ್ಟ್ ಅಲ್ಲಿ ಅರ್ಥಶಾಸ್ತ್ರಜ್ಞರಾದರು. ಹೋಳುಗಳ ಸಿದ್ಧಾಂತದ ಪುಸ್ತಕವನ್ನು ಪ್ರಕಟಿಸಿದ್ದೂ ಆ ಇಲಾಖೆಯೇ. ಇನ್ನೊಂದು ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ಮಾಡಿಸಿ, ಸಾಲಕ್ಕೆ ಯೋಗ್ಯವಾದ ಬೀದಿಗಳಿಗೆ ಹಸಿರು, ಅಪಾಯದ ಬೀದಿಗಳಿಗೆ ಕೆಂಪು ಬಣ್ಣ ಬಳಿಸಿತು. ಕಪ್ಪು ಜನರಿದ್ದ ಬೀದಿ ಸಾಮಾನ್ಯವಾಗಿ ಕೆಂಪೇ. ಅಲ್ಲಿ ಸಾಲ ಹುಟ್ಟದು, ಸಾಲವಿಲ್ಲದೆ ರಿಪೇರಿಯಿಲ್ಲ, ರಿಪೇರಿಯಿಲ್ಲದೆ ಮನೆ ಹಾಳು. ಹಾಳಾದ ಮೇಲೆ, ನೋಡಿ, ಆ ಜನ ಇದ್ದಲ್ಲಿ ಹೀಗೆಯೇ ಎನ್ನುವುದು. ವಿವರಿಸಲು ಬರೆದ ಚಿತ್ರ ಆಜ್ಞೆಯಾಯಿತು.

ನಂತರ 1962ರಲ್ಲಿ ಅದೇ ಪಟ್ಟಿಯ ಉದ್ದಕ್ಕೂ ಡಾನ್ ರಯನ್ ಎಕ್ಸ್‌ಪ್ರೆಸ್‌ವೇ ಬಂತು, ಅದರ ಪಕ್ಕದಲ್ಲಿ ರಾಬರ್ಟ್ ಟೇಲರ್ ಹೋಮ್ಸ್ ಎಂಬ 16 ಅಂತಸ್ತಿನ 28 ಕಟ್ಟಡಗಳ ಸರ್ಕಾರಿ ವಸತಿ ತಲೆಯೆತ್ತಿತು. ಬಡವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಾಯಿತು. 2007ರ ವೇಳೆಗೆ ಆ ಎಲ್ಲ ಕಟ್ಟಡಗಳನ್ನೂ ಕೆಡವಲಾಯಿತು.

ನಾವು ಬಂದ ಬಾಗಿಲು

ಇಷ್ಟಕ್ಕೂ ಇದು ನಮಗೇಕೆ ಎಂದು ಯಾರಾದರೂ ಕೇಳಬಹುದು. ನಾವು ಬಂದದ್ದು ಆಮೇಲೆ ತಾನೇ? ಹೌದು, ಆಮೇಲೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವದ ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟು ಹೇಳಿತ್ತು. 1946ರಿಂದ ವರ್ಷಕ್ಕೆ ಬರೀ 100 ಭಾರತೀಯರಿಗೆ ವಲಸೆಯ ಅವಕಾಶವಿತ್ತು. ಆ ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ವಲಸೆ ಕಾನೂನಿನಿಂದ. ಹಿಂದಿನ ವರ್ಷವಷ್ಟೇ ನಾಗರಿಕ ಹಕ್ಕುಗಳ ಕಾನೂನು ಬಂದಿತ್ತು. ಎರಡರ ಹಿಂದೆಯೂ ಇದ್ದದ್ದು ಒಂದೇ ಚಳವಳಿಯ ಬಲ.

ಎರಡನೆಯ ಬಾಗಿಲು ಮನೆಯದು. 1966ರಲ್ಲಿ ಡಾ. ಮಾರ್ಟಿನ್ ಲೂಥರ್ ಕಿಂಗ್ ಶಿಕಾಗೋಗೆ ಬಂದು ನಾರ್ತ್ ಲಾನ್‌ಡೇಲ್‌ನ ಬಾಡಿಗೆ ಮನೆಯಲ್ಲಿ ಇಳಿದುಕೊಂಡು ವಸತಿಯ ತಾರತಮ್ಯದ ವಿರುದ್ಧ ಮೆರವಣಿಗೆ ನಡೆಸಿದರು. ಆಗಸ್ಟ್ 5ರಂದು ಮಾರ್ಕೆಟ್ ಪಾರ್ಕಿನಲ್ಲಿ ಅವರ ತಲೆಗೆ ಕಲ್ಲು ಬಿತ್ತು. 1968ರ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಒಂದು ವಾರದ ಬಳಿಕ, ಏಪ್ರಿಲ್ 11ರಂದು, ಬಣ್ಣ ನೋಡಿ ಮನೆ ನಿರಾಕರಿಸುವುದನ್ನು ನಿಷೇಧಿಸುವ ಕಾನೂನಿಗೆ ಸಹಿ ಬಿತ್ತು. ನಮ್ಮ ಡಾಕ್ಟರುಗಳೂ ಇಂಜಿನಿಯರುಗಳೂ ಉಪನಗರಗಳಲ್ಲಿ ಮನೆ ನೋಡಲು ಹೊರಟದ್ದು ಅದರ ನಂತರ. ಕಂದು ಬಣ್ಣದ ನಮಗೆ ಬೀಗದ ಕೈ ಸಿಕ್ಕಿತು. ಆ ಬೀಗದ ಕೈಗೆ ಬೆಲೆ ತೆತ್ತವರು ಬೇರೆಯವರು.

ಬರ್ಜೆಸ್ ಹೇಳಿದ ಮೆಟ್ಟಿಲುಗಳನ್ನು ನಮ್ಮಲ್ಲಿ ಅನೇಕರು ಹತ್ತಲೇ ಇಲ್ಲ. ಕೆಲವರು ಡೆವಾನ್ ಸುತ್ತಮುತ್ತ ಅಪಾರ್ಟ್‌ಮೆಂಟಿನಲ್ಲಿ ಒಂದೆರಡು ವರ್ಷ ಕಳೆದರು. ಇನ್ನು ಕೆಲವರು ನೇರವಾಗಿ ಐದನೆಯ ವರ್ತುಲಕ್ಕೇ ಬಂದಿಳಿದರು. ಕಾರಣ, ಅಷ್ಟರಲ್ಲಿ ಕೆಲಸಗಳೇ ಹೊರಗೆ ಬಂದಿದ್ದವು. ನೇಪರ್‌ವಿಲ್‌ನಲ್ಲಿ ಬೆಲ್ ಲ್ಯಾಬ್ಸ್, ಬಟೇವಿಯಾದಲ್ಲಿ ಫರ್ಮಿಲ್ಯಾಬ್. 1976ರಲ್ಲಿ ಮೋಟೊರೊಲಾ ಶಾಂಬರ್ಗ್‌ಗೆ ಬಂತು. ಅಲ್ಲಿ ವುಡ್‌ಫೀಲ್ಡ್ ಮಾಲ್ 1971ರಲ್ಲೇ ತೆರೆದಿತ್ತು. 1956ರಲ್ಲಿ 130 ಜನರಿದ್ದ ಶಾಂಬರ್ಗ್‌ನಲ್ಲಿ 2020ರ ಜನಗಣತಿಯಂತೆ 78,723 ಜನ. ಹ್ಯಾರಿಸ್ ಮತ್ತು ಉಲ್ಮನ್ ಹೇಳಿದ ಹಲವು ಕೇಂದ್ರಗಳು ಇವೇ.

ಡೆವಾನ್ ಮಾತ್ರ ಬರ್ಜೆಸ್ ಪಾಠದಂತೆಯೇ ನಡೆಯಿತು. ಯಹೂದ್ಯ ಕುಟುಂಬಗಳು ಸ್ಕೋಕಿ ಕಡೆಗೆ ಹೋದಂತೆ ಖಾಲಿಯಾದ ಅಂಗಡಿಗಳಿಗೆ ನಮ್ಮವರು ಬಂದರು. 1974ರಲ್ಲಿ ಪಟೇಲ್ ಬ್ರದರ್ಸ್ ತೆರೆಯಿತು. ಒಂದೇ ರಸ್ತೆಯ ಬೇರೆ ಬೇರೆ ತುಂಡುಗಳಿಗೆ ಗೋಲ್ಡಾ ಮೆಯರ್ ಹೆಸರೂ ಗಾಂಧಿಯವರ ಹೆಸರೂ ಇರುವುದು ಈ ಕಾರಣಕ್ಕೆ. ಹಾಲಿಗೆ ಪಕ್ಕದ ಅಂಗಡಿಗೆ ಹೋಗುತ್ತೇವೆ, ಮದುವೆ ಸೀರೆಗೆ 40 ಮೈಲಿಯಾದರೂ ಹೋಗುತ್ತೇವೆ. ದಿನದ ಸಾಮಾನಿಗೆ ಹತ್ತಿರದ ಪೇಟೆ, ಅಪರೂಪದ ಸಾಮಾನಿಗೆ ದೂರದ ಪೇಟೆ ಎಂಬುದೂ ಈ ಶಾಸ್ತ್ರದ ಒಂದು ಸೂತ್ರವೇ. ಲೆಮಾಂಟ್‌ನ ನಮ್ಮ ದೇವಸ್ಥಾನದ ಬೆಟ್ಟದ ಆಚೆ ಹರಿಯುವುದು ಅದೇ ಡೆಸ್ ಪ್ಲೇನ್ಸ್ ನದಿ. ಅದರ ಪಕ್ಕ ಅದೇ 1848ರ ಕಾಲುವೆ. ಆ ಊರಿನ ಕಡೆಯ ಗಣಿಗಳ ಸುಣ್ಣಕಲ್ಲಿನಿಂದಲೇ ಮಿಶಿಗನ್ ಅವೆನ್ಯೂದ ವಾಟರ್ ಟವರ್ ಎದ್ದದ್ದು.

ಇಂದು ಚಿತ್ರ ಮತ್ತೆ ಬದಲಾಗುತ್ತಿದೆ. 2018ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಮುಖ್ಯ ಕಛೇರಿಯನ್ನು ಓಕ್ ಬ್ರೂಕ್‌ನಿಂದ ಮತ್ತೆ ನಗರದೊಳಕ್ಕೆ ಒಯ್ದಿತು. ಲೂಪ್ ಸುತ್ತ ಹಣವಂತರ ಮನೆಗಳು ಏಳುತ್ತಿವೆ. ಅದೇ ವೇಳೆಗೆ 1980ರಲ್ಲಿ ನಗರದಲ್ಲಿ ಸುಮಾರು 12 ಲಕ್ಷದಷ್ಟಿದ್ದ ಕಪ್ಪು ಜನ 2020ಕ್ಕೆ ಸುಮಾರು 8 ಲಕ್ಷಕ್ಕೆ ಇಳಿದಿದ್ದಾರೆ. ಶಾಲೆ ಮುಚ್ಚಿದ, ಅಂಗಡಿಯಿಲ್ಲದ ಬೀದಿಗಳನ್ನು ಬಿಟ್ಟು ಹೊರಟವರು ಅವರು.

ನಮ್ಮವರು ಮನೆ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತು: ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ? ಮಕ್ಕಳ ಹಿತ ಬಯಸುವುದರಲ್ಲಿ ತಪ್ಪಿಲ್ಲ. ಆದರೆ ಇಲಿನಾಯ್‌ನಲ್ಲಿ ಶಾಲೆಗಳ ಹಣದ ದೊಡ್ಡ ಪಾಲು ಬರುವುದು ಅಲ್ಲಲ್ಲಿನ ಆಸ್ತಿ ತೆರಿಗೆಯಿಂದ. ಆಸ್ತಿಯ ಬೆಲೆಯನ್ನು ತೀರ್ಮಾನಿಸಿದ್ದರಲ್ಲಿ ಆ ಹತ್ತು ಮೆಟ್ಟಿಲುಗಳೂ ಆ ಕೆಂಪು ಬಣ್ಣವೂ ಸೇರಿವೆ. ಆದ್ದರಿಂದ ಇದು ಒಳ್ಳೆಯ ಏರಿಯಾ, ಅದು ಕೆಟ್ಟ ಏರಿಯಾ ಎಂದು ಮಕ್ಕಳ ಎದುರಿಗೆ ಹೇಳುವಾಗ, ಹಾಗೆ ಮಾಡಿದವರು ಯಾರು ಎಂಬುದನ್ನೂ ಜೊತೆಗೆ ಹೇಳಬೇಕು. ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನಮ್ಮ ಹಳ್ಳಿಗಳಲ್ಲಿ ಅಗ್ರಹಾರ ನಡುವೆ, ಕೇರಿ ಊರಾಚೆ ಇದ್ದದ್ದು ಗಾಳಿ ಬೀಸಿದ ದಿಕ್ಕಿನಿಂದಲ್ಲ. ಅದನ್ನೂ ಮನುಷ್ಯರೇ ಗೆರೆ ಎಳೆದು ಮಾಡಿದ್ದು.

ಹಿಂದೆ ಗೆರೆ ಎಳೆದವರು ಬೇರೆ; ಈಗ ನಾವೂ ತೆರಿಗೆ ಕಟ್ಟುವ, ಮತ ಹಾಕುವ ಮನೆ ಮಾಲೀಕರು. ನಮ್ಮ ಉಪನಗರಗಳ ವಿಲೇಜ್ ಬೋರ್ಡುಗಳಲ್ಲಿ, ಕಡಿಮೆ ಸಂಬಳದವರಿಗೆ ಎಟುಕುವ ಅಪಾರ್ಟ್‌ಮೆಂಟ್ ಕಟ್ಟುವ ಪ್ರಸ್ತಾಪ ಆಗಾಗ ಬರುತ್ತದೆ. ನೆಲದ ಬೆಲೆ ಇಳಿಯುತ್ತದೆ, ಎಂಥೆಂಥವರೋ ಬರುತ್ತಾರೆ ಎಂಬ ಮಾತುಗಳು ಆಗ ಕೇಳಿಬರುತ್ತವೆ. ಆ ಸಭೆಗಳಿಗೆ ನಮ್ಮವರು ಹೋಗುವುದು ಕಡಿಮೆ. ಹೋಗಬೇಕು, ಹೋಗಿ ಕೈಯೆತ್ತುವ ಮೊದಲು, 1937ರಲ್ಲಿ ಹ್ಯಾನ್ಸ್‌ಬೆರಿಯವರ ನೆರೆಯವರು ಕೋರ್ಟಿಗೆ ಹೋದದ್ದು ಇದೇ ಮಾತು ಹಿಡಿದುಕೊಂಡು ಎಂಬುದನ್ನು ನೆನಪಿಸಿಕೊಳ್ಳಬೇಕು.